ಬೆನ್ನು ಮುರಿದ ಪ್ರೇಮಕಥೆ

ನಾನು ಕೆಲಸ ಮಾಡುವ ಲೈಬ್ರರಿಗೆ ಬಂದ ಹೊಚ್ಚ ಹೊಸ ಕಾದಂಬರಿಯ ಬೆನ್ನನ್ನು ನಾನೇ ಮುರಿದೆ. ತಪ್ಪು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ಬೆನ್ನು ಮುರಿದರೆ ತಾನೇ ಪುಸ್ತಕ ಬೈಂಡಿಂಗ್ ಅಂಗಡಿಗೆ ಹೋಗುವುದು, ಅಲ್ಲಿ ಸೂಜಿ ಹಿಡಿದು ಕೂತವಳ ಕೈ ಸೇರುವುದು? ಅವಳಿಗೊಂದು ಚಾಳಿ. ಹೊಲಿಯುವ ಮೊದಲು ಪ್ರತಿ ಕಂತೆಯ ಹದಿನಾರು ಪುಟಗಳನ್ನೂ ತನ್ನ ದೊಡ್ಡಮ್ಮನಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಅಂಗಡಿ ದೊಡ್ಡಮ್ಮನದೇ.

ಇಬ್ಬರು ಹುಡುಗಿಯರ ಪ್ರೇಮಕಥೆ ಎಂದು ಹಿಂಬದಿಯ ರಟ್ಟಿನ ಮೇಲೆ ಅಚ್ಚಾಗಿತ್ತು. ನನಗೆ ಹತ್ತೊಂಬತ್ತು, ಅವಳಿಗೆ ಇಪ್ಪತ್ತು. ನನ್ನ ಬಾಯಲ್ಲಿ ಬಾರದ್ದನ್ನು ಪುಸ್ತಕವೇ ಹೇಳಲಿ ಎಂದು ಒಂದಕ್ಷರವೂ ಓದದೆ ಕೊಟ್ಟುಬಂದೆ.

ಲೈಬ್ರರಿಯಲ್ಲಿದ್ದ ಎರಡನೇ ಪ್ರತಿಯನ್ನು ಆಮೇಲೆ ಓದಿದೆ. ಅಯ್ಯೋ ನನ್ನ ಕರ್ಮವೇ! ಇನ್ನೂರ ನಲವತ್ತು ಪುಟ ನಾಯಕಿ ಗೆಳತಿಯ ಹೇರ್‌ಪಿನ್ ನೋಡಿ ನಿಟ್ಟುಸಿರು ಬಿಡುತ್ತಾಳೆ. ಕೊನೆಗೆ ಪತ್ರ ಬರೆದು, ಅದನ್ನು ಅಂಚೆಗೂ ಹಾಕದೆ, ರೈಲು ಹತ್ತುತ್ತಾಳೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು.

ನನ್ನ ಪ್ರೀತಿಯೂ ಇಷ್ಟೇ ಎಂದು ಅವಳು ತಿಳಿದುಬಿಟ್ಟರೆ? ಮಾನ ಹೋಗುವುದಿರಲಿ, ಅವಳೇ ಕೈತಪ್ಪಿ ಹೋಗುತ್ತಾಳೆ! ಪುಸ್ತಕ ವಾಪಸ್ ತರಲು ದಿನಾ ಸಂಜೆ ಓಡಿದೆ. ದಿನಾ ಅವಳದು ಒಂದೇ ಉತ್ತರ: "ಇನ್ನೂ ಆಗಿಲ್ಲ ಕಣೇ, ನಾಳೆ ಬಾ." ಬಂದ ತಪ್ಪಿಗೆ ಕೂತು ಒಂದು ಗಂಟೆ ಹರಟಿ ಮನೆಗೆ ಹೋಗುತ್ತಿದ್ದೆ.

ಹದಿನೆಂಟನೇ ದಿನ ದೊಡ್ಡಮ್ಮ ಅಂಟಿನ ಬ್ರಷ್ ಹಿಡಿದುಕೊಂಡೇ ನನ್ನನ್ನು ತರಾಟೆಗೆ ತೆಗೆದುಕೊಂಡರು.

"ಏನಮ್ಮ ಲೈಬ್ರರಿ, ಎಂಥಾ ಪುಸ್ತಕ ಕಳಿಸಿದ್ಯೇ? ಆ ಹುಡುಗಿ ಬಾಯಿಗೆ ಬೀಗ ಹಾಕ್ಕೊಂಡಿದ್ಲಾ? ಇಷ್ಟ ಅಂತ ಒಂದು ಮಾತು ಹೇಳೋಕೆ ಏನು ರೋಗ ಅವಳಿಗೆ?"

"ಅದೇ ದೊಡ್ಡಮ್ಮ! ಶುದ್ಧ ಪುಕ್ಕಲಿ! ಎದುರಿಗೇ ಕೂತಿರ್ತಾಳೆ, ದಿನಾ ನೋಡ್ತಾಳೆ, ಒಂದೇ ಒಂದು ಮಾತು..."

ನನ್ನ ಮಾತು ಅಲ್ಲೇ ನಿಂತಿತು. ನನ್ನ ಎದುರಿಗೂ ಒಬ್ಬಳು ಕೂತಿದ್ದಳು. ನಾನೂ ದಿನಾ ನೋಡುತ್ತಿದ್ದೆ.

"ಯಾಕೆ ನಿಲ್ಲಿಸ್ದೆ?" ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತ. ದಾರ ಕಣ್ಣಿಗೆ ಹೋಗುತ್ತಲೇ ಇರಲಿಲ್ಲ.

ಆದದ್ದಾಗಲಿ ಎಂದು ಹೇಳಿಯೇಬಿಟ್ಟೆ. "ನಂಗೆ ನೀನಂದ್ರೆ ಇಷ್ಟ ಕಣೇ. ಪುಸ್ತಕದ ಬೆನ್ನು ಮುರಿದಿದ್ದೂ ನಾನೇ. ಇನ್ನೊಂದು ಕಾಪಿ ಇದೆ, ಅದನ್ನೂ ಮುರ್ಕೊಂಡು ಬರೋಳಿದ್ದೆ!"

ಅವಳು ಕಿವಿಯವರೆಗೂ ಕೆಂಪಾಗಿ ಡ್ರಾಯರ್ ಎಳೆದಳು. ಒಳಗೆ ಅದೇ ಕಾದಂಬರಿ, ಹೊಲಿದು, ಹೊಸ ರಟ್ಟು ಹಾಕಿ ಸಿದ್ಧವಾಗಿತ್ತು. ಮೇಲಿನ ಚೀಟಿಯಲ್ಲಿ ಕೆಲಸ ಮುಗಿದ ತಾರೀಖು: ಹದಿನಾರು ದಿನದ ಹಿಂದಿನದು.

"ಕೊಟ್ಟುಬಿಟ್ಟಿದ್ರೆ ನೀನು ಮಾರನೇ ದಿನ ಬರ್ತಿದ್ಯಾ?" ಎಂದಳು.

ನಾನು ನಗಲೋ ಅಳಲೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದೆ. ದೊಡ್ಡಮ್ಮ ಪುಸ್ತಕವನ್ನು ನನ್ನ ಕೈಗೆ ತುರುಕಿದರು.

"ಪುಸ್ತಕ ಏನು ಪಾಪ ಮಾಡಿತ್ತೇ? ನಾಳೆಯಿಂದ ಬರಿಗೈಯಲ್ಲೇ ಬಾ."