ಕಾಲರಣ್ಣನ ಪಾಲಿನ ಕೆಲಸ

ಆ ಶರ್ಟಿನ ಕಾರ್ಖಾನೆಯಲ್ಲಿ ಹೆತ್ತವರು ಇಟ್ಟ ಹೆಸರು ಯಾರಿಗೂ ಉಳಿದಿರಲಿಲ್ಲ. ಯಾರು ಯಾವ ಭಾಗ ಹೊಲಿಯುತ್ತಾರೋ ಅದೇ ಅವರ ಹೆಸರು. ಜೇಬು ಹೊಲಿಯುವವನು ಜೇಬು, ಗುಂಡಿ ಹಾಕುವ ಮುದುಕ ಗುಂಡಿ ತಾತ, ಕಫ್ಫು ಹೊಲಿಯುವವಳು ಕಫ್ಫಕ್ಕ. ಅವಳ ಎಡಗಡೆ ಮಿಷನ್ನಿನಲ್ಲಿ ಕೂರುತ್ತಿದ್ದವನು ಕಾಲರಣ್ಣ. ಅವನ ಕೈಯಿಂದ ಕಾಲರು ಹೊರಡದೆ ಅವಳ ಕೈಗೆ ಶರ್ಟು ಬರುತ್ತಿರಲಿಲ್ಲ. ಹಾಗಾಗಿ ಗಂಡನ ಮುಖಕ್ಕಿಂತ ಆ ಮನುಷ್ಯನ ಕೈಯನ್ನೇ ಅವಳು ಹೆಚ್ಚು ನೋಡಿದ್ದಳು.

ಆ ಕೈ ನಿಲ್ಲತೊಡಗಿದ್ದನ್ನು ಮೊದಲು ಕಂಡವಳೂ ಅವಳೇ. ಬಟ್ಟೆ ಸೂಜಿಯ ಕೆಳಗೆ, ಕಾಲು ಪೆಡಲಿನ ಮೇಲೆ, ಮನುಷ್ಯ ಮಾತ್ರ ಇನ್ನೆಲ್ಲೋ.

"ಏನಣ್ಣಾ, ಯಾರು ಮೊದ್ಲು ಕಣ್ಣು ಮಿಟುಕಿಸ್ತಾರೆ ಅಂತ ಸೂಜಿ ಜೊತೆ ಪಂದ್ಯ ಕಟ್ಟಿದ್ದೀಯಾ?" ಅಂತ ಜೇಬು ಕೂಗಿದ. ಸಾಲಿಗೆ ಸಾಲೇ ನಕ್ಕಿತು. ಕಾಲರಣ್ಣನೂ ನಗಲು ನೋಡಿದ. ತುಟಿ ಅರ್ಧ ದಾರಿಗೆ ಹೋಗಿ ವಾಪಸು ಬಂತು.

ಒಂದು ಸಂಜೆ ಅವನ ಹೆಂಡತಿ ಗೇಟಿನ ಹತ್ತಿರ ಕಫ್ಫಕ್ಕನನ್ನು ಪಕ್ಕಕ್ಕೆ ಕರೆದಳು.

"ಡಾಕ್ಟ್ರು ಖಿನ್ನತೆ ಅಂದ್ರಮ್ಮ. ಮಾತ್ರೆ ಕೊಟ್ಟಿದ್ದಾರೆ. ಬೆಳಿಗ್ಗೆ ಹಾಸಿಗೆಯಿಂದ ಏಳೋದೇ ಅವ್ರಿಗೆ ಬೆಟ್ಟ ಹತ್ತಿದ ಹಾಗೆ. ಆದ್ರೂ ಏಳ್ತಾರೆ. ನಾನು ಹೋಗ್ದಿದ್ರೆ ಸಾಲು ನಿಂತ್‌ಹೋಗುತ್ತೆ ಅಂತ ಗೊಣಗ್ಕೊಂಡು ಏಳ್ತಾರೆ. ಅದೊಂದೇ ಈಗ ಅವ್ರನ್ನ ಎಬ್ಬಿಸ್ತಿರೋದು. ಸ್ವಲ್ಪ ನೋಡ್ಕೊ ತಾಯಿ."

"ನೀವೇನೂ ಯೋಚ್ನೆ ಮಾಡ್ಬೇಡಿ ಅತ್ಗೆ. ನಾವೆಲ್ಲ ಇದ್ದೀವಲ್ಲ" ಅಂದಳು ಕಫ್ಫಕ್ಕ. ಬಾಯಿಮಾತಿಗೆ ಅಂದದ್ದಲ್ಲ.

ಆದರೆ ಅವಳ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ನೋಡಿಕೊಳ್ಳುವುದು ಎಂದರೆ ಆ ಸಾಲಿನಲ್ಲಿ ಒಂದೇ ಅರ್ಥ: ಕಟ್ಟು ಎಳೆಯುವುದು. ಜ್ವರ ಬಂದವರ ಬಟ್ಟೆ ಕಟ್ಟನ್ನು ಅಕ್ಕಪಕ್ಕದವರು ತಮ್ಮ ಮಿಷನ್ನಿಗೆ ಎಳೆದುಕೊಂಡು ಹೊಲಿದು, ಸದ್ದಿಲ್ಲದೆ ಅವರ ಬುಟ್ಟಿಗೇ ಹಾಕುತ್ತಿದ್ದರು. ಬಸುರಿಯರದ್ದೂ ಹಾಗೆಯೇ ಎಳೆದಿದ್ದರು. ಎಳೆಯದೆ ಬೇರೆ ದಾರಿಯೂ ಇರಲಿಲ್ಲ. ಯಾರ ಮುಂದೆ ಕಟ್ಟು ರಾಶಿ ಬೀಳುತ್ತದೋ ಅವರ ಸೀಟು ಹೋಯಿತು ಅಂತಲೇ ಲೆಕ್ಕ. ಮೇಸ್ತ್ರಿ ದಿನವಿಡೀ ಓಡಾಡುತ್ತಿದ್ದದ್ದು ಆ ರಾಶಿ ಹುಡುಕಲಿಕ್ಕೇ. ಕೈ ಮುರಿದರೆ ಬ್ಯಾಂಡೇಜು ತೋರಿಸಬಹುದು. ಮನಸ್ಸು ಮುರಿದವನು ಆ ಹದ್ದಿನ ಕಣ್ಣಿಗೆ ಏನು ಬಿಚ್ಚಿ ತೋರಿಸಬೇಕು?

ಎಳೆದರು. ಕಾಲರಣ್ಣ ನೀರು ಕುಡಿಯಲು ಎದ್ದರೆ ಸಾಕು, ಕಫ್ಫಕ್ಕ ಒಂದಿಷ್ಟು, ಜೇಬು ಒಂದಿಷ್ಟು. ಅವನು ತಿರುಗಿ ಬರುವಷ್ಟರಲ್ಲಿ ಬುಟ್ಟಿಯಲ್ಲಿ ಕಾಲರುಗಳು ಸಿದ್ಧವಾಗಿ ಕೂತಿರುತ್ತಿದ್ದವು.

"ಇದ್ಯಾರು ಹೊಲ್ದಿದ್ದು?" ಅಂತ ಅವನು ಒಂದು ದಿನ ಕೇಳಿದ.

"ನೀನೇ ಕಣಣ್ಣ! ಮರ್ತೋಯ್ತಾ?" ಅಂದ ಜೇಬು, ಕಫ್ಫಕ್ಕನಿಗೆ ಕಣ್ಣು ಹೊಡೆದು.

ತನ್ನ ತಲೆಯನ್ನು ತಾನೇ ನಂಬದವನ ಹತ್ತಿರ ಆಡುವ ತಮಾಷೆಯೇ ಅದು? ಕಾಲರಣ್ಣ ತನ್ನ ಕೈಗಳನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡ. ಕಫ್ಫಕ್ಕ ಅದನ್ನು ಕಂಡಳು. ಪಾಪ, ಇನ್ನೂ ಸ್ವಲ್ಪ ಹೆಚ್ಚು ಎಳೆಯಬೇಕು ಅಂದುಕೊಂಡಳು.

ಕೊನೆಕೊನೆಗೆ ಅವನ ಪಾಲಿನ ಕೆಲಸವೆಲ್ಲ ಅವರ ಕೈಯಲ್ಲೇ ಆಗುತ್ತಿತ್ತು. ಅವನು ಬರುತ್ತಿದ್ದ, ಕೂರುತ್ತಿದ್ದ, ಹೋಗುತ್ತಿದ್ದ. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ, ಅವಳ ಕಡೆ ನೋಡದೆ, "ನಾನಿಲ್ದಿದ್ರೂ ನಡ್ಯುತ್ತೆ, ಅಲ್ವಾ?" ಅಂದ.

ಅವಳು ಪ್ರೀತಿಯಿಂದಲೇ ಹೇಳಿದಳು: "ನಡ್ಯುತ್ತಣ್ಣ, ಹೂವಿನ ಹಾಗೆ ನಡ್ಯುತ್ತೆ. ನೀನು ಆ ಚಿಂತೆ ಬಿಟ್ಬಿಡು."

ಅವನು ನಕ್ಕ. ಈ ಸಲ ತುಟಿ ಪೂರ್ತಿ ದಾರಿ ಹೋಯಿತು. ಅಣ್ಣ ನಕ್ಕ, ಅಣ್ಣ ನಕ್ಕ ಅಂತ ಅವಳು ಸಾಲಿಗೆಲ್ಲ ಡಂಗುರ ಹೊಡೆದಳು.

ಮಾರನೆಯ ದಿನ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ. ವಾರ ತುಂಬುವ ಮೊದಲೇ ಮೇಸ್ತ್ರಿ ಆ ಮಿಷನ್ನಿಗೆ ಹೊಸಬಳನ್ನು ತಂದು ಕೂರಿಸಿದ. ಅವಳಿಗೂ ಕಾಲರು ಅಂತಲೇ ಹೆಸರು ಬಿತ್ತು.

ಭಾನುವಾರ ಕಫ್ಫಕ್ಕ, ಜೇಬು, ಗುಂಡಿ ತಾತ ಮೂವರೂ ಹಣ್ಣು ಹಿಡಿದುಕೊಂಡು ಅವನ ಮನೆಗೆ ಹೋದರು. ಒಂದೇ ಕೋಣೆ. ಗೋಡೆಗೆ ಒತ್ತಿದ ಮಂಚದಲ್ಲಿ ಕಾಲರಣ್ಣ ಗೋಡೆ ಕಡೆ ತಿರುಗಿ ಮಲಗಿದ್ದ. ಬಂದವರನ್ನು ಕಂಡು ಎದ್ದು ಕೂತ. ಅಷ್ಟಕ್ಕೇ ಸುಸ್ತಾದ.

"ಬೆಳಿಗ್ಗೆ ಎದ್ದು ಒಂದು ರೌಂಡು ಓಡಣ್ಣ, ಎಲ್ಲ ಸರಿಹೋಗುತ್ತೆ" ಅಂದ ಜೇಬು.

"ನಮ್ ಕಾಲದಲ್ಲಿ ಇವೆಲ್ಲ ಇರ್ಲೇ ಇಲ್ಲಪ್ಪ. ಬೇಜಾರಾದ್ರೆ ಹೊಟ್ಟೆ ತುಂಬ ಉಂಡು ಮಲಗ್ತಿದ್ವಿ" ಅಂದ ಗುಂಡಿ ತಾತ.

"ಮಲಗೇ ಇದ್ದಾರೆ ತಾತ" ಅಂದಳು ಹೆಂಡತಿ. "ಏಳೋದು ಹೇಗೆ ಅಂತ ಹೇಳ್ಕೊಡಿ."

ತಾತ ಹಣ್ಣಿನ ಚೀಲವನ್ನು ಮಂಚದ ಕೆಳಗೆ ಸರಿಸಿದ. ಗೇಟಿನ ಹತ್ತಿರ ಈ ಹೆಂಗಸು ಹೇಳಿದ್ದ ಮಾತು ಪೂರ್ತಿಯಾಗಿ ಕಫ್ಫಕ್ಕನ ಕಿವಿಗೆ ಬಿದ್ದದ್ದು ಈಗ.

"ಅಣ್ಣ, ನೀನಿಲ್ದೆ ಸಾಲೇ ನಿಂತ್‌ಹೋಗಿದೆ" ಅಂದುಬಿಟ್ಟಳು.

"ಎಲ್ಲಿ ನಿಂತಿದೆ? ಆ ಹೊಸ ಹುಡುಗಿ ಎಷ್ಟು ಚುರುಕು ಅಂದ್ರೆ—" ಅಂತ ಶುರು ಮಾಡಿದ ಜೇಬು, ಅವಳ ಕಣ್ಣು ಕಂಡು ನಾಲಿಗೆ ಕಚ್ಚಿಕೊಂಡ.

ಅವಳು ಸೋಲಲಿಲ್ಲ. ಬಿಸಿಲಿಗೆಂದು ಸೀರೆಯ ಮೇಲೆ ತೊಟ್ಟು ಬಂದಿದ್ದ ಕೆಲಸದ ಶರ್ಟನ್ನು ಬಿಚ್ಚಿ ಅವನ ಮಡಿಲಿಗೆ ಹಾಕಿದಳು. "ಇದರ ಕಾಲರು ನೋಡು. ನಾನು ಹೊಲ್ದಿದ್ದು." ಕಾಲರಿಗೆ ಮೊದಲು ಕೈ ಹಾಕಿದ್ದಾಗಿನ ಹೊಲಿಗೆ ಅದು; ಕಾಲರಿನ ಒಂದು ಮೂತಿ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಬಲ್ಲವರ ಮಾತಿರಲಿ, ಕುರುಡನೂ ಮುಟ್ಟಿ ಬೈಯುವಂತಿತ್ತು. ಹಿಂದೆ ಆಗಿದ್ದರೆ ಅವನು ಅದನ್ನು ಕಿತ್ತು, ಬಿಚ್ಚಿ, ಅವಳ ಏಳು ತಲೆಮಾರಿಗೂ ಮಂಗಳಾರತಿ ಎತ್ತಿ, ಹೊಸದಾಗಿ ಹೊಲಿದು ಎಸೆಯುತ್ತಿದ್ದ. ಬೈಯಲಿ ದೇವರೇ, ಒಂದು ಸಲ ಬೈಯಲಿ ಅಂತ ಅವಳು ಉಸಿರು ಹಿಡಿದು ಕಾದಳು.

ಅವನು ಎರಡು ಮೂತಿಯನ್ನೂ ಬೆರಳಿನಿಂದ ಸವರಿದ.

"ಚೆನ್ನಾಗಿದೆಯಮ್ಮ" ಅಂದ. ಶರ್ಟನ್ನು ಮಡಿಸಿ ಅವಳ ಕೈಗಿಟ್ಟು ಮತ್ತೆ ಗೋಡೆ ಕಡೆ ತಿರುಗಿ ಮಲಗಿದ.

ಹೊರಗೆ ಬಂದಾಗ ಹೆಂಡತಿ ಖಾಲಿ ಬಿಂದಿಗೆ ಹಿಡಿದು ಹಿಂದೆಯೇ ಬಂದಳು. ಬೈಯುತ್ತಾಳೆ ಅಂತ ಕಫ್ಫಕ್ಕ ತಲೆ ತಗ್ಗಿಸಿದಳು. ಅವಳು ಬೈಯಲಿಲ್ಲ.

"ನಾಳೆ ಬರ್ತೀಯಾ? ಏನೂ ಮಾತಾಡ್ಬೇಡ, ಬುದ್ಧಿ ಹೇಳ್ಬೇಡ, ಹಣ್ಣೂ ತರ್ಬೇಡ. ನಾನು ನೀರು ಹಿಡ್ಕೊಂಡು ಬರೋವರ್ಗೆ ಅವ್ರ ಹತ್ರ ಸುಮ್ನೆ ಕೂತಿರು. ಒಬ್ರನ್ನೇ ಬಿಟ್ಟು ಹೋಗೋಕೆ ಭಯ ಆಗುತ್ತೆ."

ಕಫ್ಫಕ್ಕ ಲೆಕ್ಕ ಹಾಕಿದಳು. ನಾಳೆ ಓವರ್‌ಟೈಮು, ನಾಡಿದ್ದೂ ಓವರ್‌ಟೈಮು. ಹೊಸ ಹುಡುಗಿಯ ವೇಗಕ್ಕೆ ಕಟ್ಟುಗಳು ಕಫ್ಫಕ್ಕನ ಮುಂದೆಯೇ ಈಗ ರಾಶಿ ಬೀಳುತ್ತಿದ್ದವು, ಮೇಸ್ತ್ರಿ ಎರಡು ಸಲ ಬಂದು ನಿಂತು ಹೋಗಿದ್ದ.

"ಬರೋ ಭಾನುವಾರ ಬರ್ತೀನಿ ಅತ್ಗೆ."

"ಹೂಂ" ಅಂದಳು ಅವಳು. ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲವಾಗಿ ತೆರೆದಿಟ್ಟು, ನಲ್ಲಿಯ ಕಡೆ ಹೊರಟಳು. ಹೆಜ್ಜೆ ಹೆಜ್ಜೆಗೂ ತಿರುಗಿ ಮಂಚವನ್ನು ನೋಡುತ್ತ ಹೋದಳು.