ಮುಳ್ಳಿನ ಗಡ್ಡೆ

ನಮ್ಮ ಮನೆಯವರಂಥ ಹಟಮಾರಿ ಇಡೀ ಮೇಲವಂಕಿಯಲ್ಲಿಲ್ಲ. ಹಿಮ್ಮಡಿಯಲ್ಲಿ ಕಪ್ಪು ಮಚ್ಚೆ ಬೆಳೆಯುತ್ತಿದ್ದರೆ, ಹಳೇ ಗಾಯದ ಕಲೆ ಎಂದು ಕಲ್ಲಿಗೆ ತಿಕ್ಕಿಕೊಂಡು ಕುರಿಗಳ ಹಿಂದೆ ತಿರುಗಿದರು. ಕೊನೆಗೆ ಅದು ಚರ್ಮದ ಕ್ಯಾನ್ಸರ್ ಎಂದು ಬೆಳಗಾವಿಯಲ್ಲಿ ಕೊಯ್ದು ತೆಗೆದರು. ರೋಗ ಹಬ್ಬಿದರೆ ಮೊದಲು ತೊಡೆಸಂದಿಯಲ್ಲಿ ಗಡ್ಡೆ ಏಳಬಹುದು, ಆಗಾಗ ಮುಟ್ಟಿ ನೋಡಿಕೊಳ್ಳಿ, ಗೋಕಾಕಿನಲ್ಲಿ ತಪ್ಪದೆ ತೋರಿಸುತ್ತಿರಿ ಎಂದು ಹೇಳಿ ಕಳಿಸಿದ್ದರು.

ಮುಟ್ಟಿ ನೋಡುವುದನ್ನು ಇವರಿಗೆ ಕಲಿಸಬೇಕೇ? ಸಂತೆಯಲ್ಲಿ ಕುರಿಯ ಗಂಟಲು, ಕೆಚ್ಚಲು, ತೊಡೆಸಂದಿ ಒತ್ತಿ ನೋಡದೆ ಇವರು ವ್ಯಾಪಾರಕ್ಕೇ ಇಳಿಯುವುದಿಲ್ಲ.

ಈ ಸಲ ಗೋಕಾಕಿನಲ್ಲಿ ಹೊಸ ಡಾಕ್ಟರಮ್ಮ ಇದ್ದರು. ನಮ್ಮವರು ಎಂದಿನಂತೆ ಹಿಮ್ಮಡಿಯನ್ನಷ್ಟೇ ತೋರಿಸಿ, ಮತ್ತೇನೂ ಇಲ್ಲ ಎಂದು ಚಪ್ಪಲಿ ಮೆಟ್ಟತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತು. ಇವರ ಅವಸರ ನನಗೆ ಗೊತ್ತಿಲ್ಲದ್ದೇ?

“ಸುಮ್ಮ ಮಲಕೋರಿ,” ಎಂದು ಗದರಿದೆ.

ಡಾಕ್ಟರಮ್ಮ ತೊಡೆಸಂದಿಯನ್ನು ಒತ್ತುತ್ತ ಒಂದು ಕಡೆ ಕೈ ನಿಲ್ಲಿಸಿದರು. ಇವರು ನಕ್ಕರು. ಸುಗ್ಗಿಯಲ್ಲಿ ಮಸಗುಪ್ಪಿ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದಾಗ ಜಾಲಿಮುಳ್ಳು ನಟ್ಟಿತ್ತಂತೆ, ಇದು ಮುಳ್ಳಿನ ಗಡ್ಡೆಯಂತೆ. ಕಾಲಿಗೆ ಮುಳ್ಳು ನಟ್ಟರೆ ಸಂದಿಯಲ್ಲಿ ಗಡ್ಡೆ ಏಳುವುದು, ತಾನೇ ಇಳಿಯುವುದು ನಮ್ಮ ಕುರುಬರಲ್ಲಿ ಕೂಸಿಗೂ ಗೊತ್ತು. ಒಂದು ಗಳಿಗೆ ನನಗೂ ಜೀವ ಬಂದಂತಾಯಿತು.

“ನೋವು ಐತೇನ್ರಿ, ಹೊಳೆಪ್ಪ?” ಎಂದರು ಡಾಕ್ಟರಮ್ಮ.

“ಎಳ್ಳಷ್ಟೂ ಇಲ್ರಿ,” ಎಂದರು ಇವರು, ಗೆದ್ದವರ ಹಾಗೆ.

ಆ ಹೆಣ್ಣುಮಗಳ ಮುಖ ಇಳಿದುಹೋಯಿತು. ಮುಳ್ಳಿನ ಗಡ್ಡೆಯಾಗಿದ್ದರೆ ನೋಯುತ್ತಿತ್ತು, ಇಷ್ಟೊತ್ತಿಗೆ ಇಳಿದಿರುತ್ತಿತ್ತು. ಇದು ಕಲ್ಲಿನಂತಿದೆ, ರೋಗ ಹಬ್ಬಿದಂತೆ ಕಾಣುತ್ತದೆ ಎಂದರು. ಪುಪ್ಪುಸಕ್ಕೂ ಹೋಗಿದೆಯೋ ಏನೋ, ನಾಳೆಯೇ ಬೆಳಗಾವಿಗೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ಕುಳಿತಾಗ ನನಗೆ ತಡೆಯಲಾಗಲಿಲ್ಲ. ಸುಗ್ಗಿ ಮುಗಿದು ಮಳೆಗಾಲವೂ ಕಳೆದಿತ್ತು. ಅಷ್ಟು ದಿನ ಇವರು ನನ್ನೆದುರೂ ಬಾಯಿ ಬಿಟ್ಟಿರಲಿಲ್ಲ.

“ಊರ ಮಂದಿ ಕುರಿ ಎಲ್ಲಾ ನೋಡ್ತೀರಿ. ನಿಮ್ಮ ಗಡ್ಡಿ ನಿಮ್ಮ ಕೈಗೆ ತಿಳೀಲಿಲ್ಲೇನ್ರಿ?”

ಇವರು ಧೋತರದ ಚುಂಗನ್ನು ಬೆರಳಿಗೆ ಸುತ್ತಿಕೊಂಡರು.

“ಮೊದಲನೇ ದಿನಾನ ತಿಳಿದಿತ್ತ. ಇಂಥಾ ಗಡ್ಡಿ ಇದ್ದ ಕುರಿ ನಾ ಯಾವತ್ತೂ ಕೊಂಡಿಲ್ಲ.”

ಬೈಯಲು ಬಾಯಿ ತೆರೆದೆ. ಅಳುವೇ ಬಂತು. ಮೇಲವಂಕಿಯ ಬಸ್ಸು ಬಂದು ನಿಂತರೂ ಇಬ್ಬರೂ ಏಳಲಿಲ್ಲ.