ಆರು ಮನೆಯ ಸತೋಶಿ

ಮಂಜಗುಣಿಯ ವಿನುತಾ ಮೀನಿನ ಬುಟ್ಟಿ ಹೊರುವುದು ನಿಲ್ಲಿಸಿ ಎರಡು ವರ್ಷವಾಗಿತ್ತು. ಬಿಡಬೇಕೆಂದು ಬಿಟ್ಟದ್ದಲ್ಲ. ಅಂಕೋಲೆಯ ಮಾರ್ಕೆಟ್ಟಿನ ಒದ್ದೆ ಮೆಟ್ಟಿಲಲ್ಲಿ ಬುಟ್ಟಿಯ ಸಮೇತ ಜಾರಿ ಕೂತಲ್ಲಿಗೆ ಸೊಂಟದ ಎಲುಬು ಸರಿದಿತ್ತು. ಕಾರವಾರದ ಡಾಕ್ಟರು ಎಕ್ಸ್‌ರೇ ನೋಡಿ, ಇನ್ನು ಐದು ಕಿಲೋಗಿಂತ ಹೆಚ್ಚು ಎತ್ತಕೂಡದು ಎಂದರು. ಬಂಗಡೆಯ ಬುಟ್ಟಿ ಐದು ಕಿಲೋ ಇರುವುದುಂಟೇ? ಗಂಡ ನಾಗ ಬೋಟಿಗೆ ಹೋಗುವವನು, ಅವನ ಪಾಲಿನಲ್ಲಿ ಮನೆ ಹೇಗೋ ನಡೆಯುತ್ತಿತ್ತು. ಆದರೆ ಹದಿನಾರನೇ ವಯಸ್ಸಿನಿಂದ ತನ್ನ ಸೆರಗಿನ ಗಂಟಿನಲ್ಲಿ ತನ್ನದೇ ದುಡ್ಡು ಇಟ್ಟುಕೊಂಡು ಬಂದ ಹೆಂಗಸಿಗೆ, ಒಂದು ಕಟ್ಟು ಬಳೆಗೂ ಗಂಡನ ಮುಖ ನೋಡುವುದು ಬೇಸರದ ಸಂಗತಿ.

ಅಂಥ ಹೊತ್ತಿನಲ್ಲಿ ಅಂಕೋಲೆ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದ ಸೂರಜ್ ಅವಳಿಗೆ ಒಂದು ದಾರಿ ತೋರಿಸಿದ. "ಅಕ್ಕಾ, ಹೆಂಗೂ ಕೂತ್ಕಂಡೇ ಇರ್ತೆ. ಪುಕ್ಸಟ್ಟೆ ಕಾಯಿನ್ ಕೊಡೂ ಸೈಟ್ ಅದೆ. ಚಿತ್ರ ಒತ್ತೂದು, ಅಷ್ಟೇಯ."

ಅಂಥ ಸೈಟುಗಳಿಗೆ ಫಾಸೆಟ್ ಎನ್ನುತ್ತಿದ್ದರು, ಅಂದರೆ ನಲ್ಲಿ. ಪರದೆಯ ಮೇಲೆ ಒಂಬತ್ತು ಚೌಕದಲ್ಲಿ ಒಂಬತ್ತು ಚಿತ್ರ ಬರುತ್ತವೆ. ಬಸ್ಸು ಇರುವುದನ್ನೆಲ್ಲ ಒತ್ತು, ಸೈಕಲ್ ಇರುವುದನ್ನೆಲ್ಲ ಒತ್ತು ಎನ್ನುತ್ತದೆ. ಸರಿಯಾಗಿ ಒತ್ತಿದರೆ, ನಡುವೆ ಎರಡು ಜಾಹೀರಾತು ನೋಡಿದರೆ, ಎರಡೋ ಮೂರೋ ಸತೋಶಿ ಬೀಳುತ್ತದೆ. ಒಂದು ಬಿಟ್‌ಕಾಯಿನ್ನನ್ನು ಹತ್ತು ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ಸತೋಶಿ ಎಂದು ಹೆಸರು. ನಮ್ಮ ಲೆಕ್ಕದಲ್ಲಿ ಆರೋ ಎಂಟೋ ಪೈಸೆ. ಇಷ್ಟು ಸಣ್ಣ ಮೊತ್ತವನ್ನು ಒಂದೊಂದಾಗಿ ಸಾಗಿಸಲು ಹೋದರೆ ಸಾಗಣೆಯ ಖರ್ಚೇ ಹೆಚ್ಚು. ಅದಕ್ಕಾಗಿ ಎಲ್ಲ ನಲ್ಲಿಗಳ ಹನಿಯೂ ಮೈಕ್ರೋವಾಲೆಟ್ ಎಂಬ ಒಂದು ಕಿರುಚೀಲದಲ್ಲಿ ಕೂಡಿಕೊಳ್ಳುತ್ತದೆ. ಅದರಲ್ಲಿ ಹತ್ತು ಸಾವಿರ ಸತೋಶಿ ಆದ ಮೇಲೆ ಹೊರಗೆ ತೆಗೆದು, ಎಕ್ಸ್‌ಚೇಂಜ್ ಎಂಬ ಆನ್‌ಲೈನ್ ಪೇಟೆಯಲ್ಲಿ ಮಾರಿ, ರೂಪಾಯಿ ಮಾಡಿಕೊಳ್ಳಬಹುದು.

ಹತ್ತು ಸಾವಿರ ಮುಟ್ಟಲು ವಿನುತಾಳಿಗೆ ಹನ್ನೊಂದು ತಿಂಗಳು ಹಿಡಿಯಿತು. ಸೂರಜ್ ತನ್ನ ಖಾತೆಯ ಮೂಲಕ ಮಾರಿಸಿ, ತನ್ನ ಕಮಿಷನ್ ಹಿಡಿದುಕೊಂಡು, ಐನೂರ ಐವತ್ತು ರೂಪಾಯಿ ಕೈಗಿಟ್ಟ. ಅವತ್ತು ಅವಳು ಅದನ್ನು ಕೇರಿಗೆಲ್ಲ ತೋರಿಸಿದ್ದೇ ತಪ್ಪಾಯಿತು. ಆ ಸಲದ ಮಳೆಗಾಲದ ಬಂದಿಯಲ್ಲಿ, ಬೋಟುಗಳೆಲ್ಲ ದಡಕ್ಕೆ ಹತ್ತಿ ಮೀನೇ ಇಲ್ಲದ ಎರಡು ತಿಂಗಳಲ್ಲಿ, ಕಾಶಿ, ಬೀರಿ, ರೂಪಾ ಮತ್ತು ಇನ್ನೂ ಮೂವರು ಹೆಂಗಸರು ಫೋನು ಹಿಡಿದು ಅವಳ ಜಗಲಿಗೆ ಬಂದರು. ಅವಳೇ ಎಲ್ಲರ ಇ-ಮೇಲ್ ತೆರೆದಳು, ಅವಳೇ ಪಾಸ್‌ವರ್ಡ್ ಬರೆದುಕೊಟ್ಟಳು. ಬಸ್ಸು ಯಾವುದು, ಟ್ರಕ್ಕು ಯಾವುದು ಎಂದು ಕಲಿಸಿದಳು. ಸೂರಜ್ ಹೇಳಿಕೊಟ್ಟಂತೆ ತನ್ನ ಲಿಂಕಿನ ಮೂಲಕವೇ ಸೇರಿಸಿದಳು. ಹಾಗೆ ಸೇರಿದವರು ದುಡಿದ ಪ್ರತಿ ಹತ್ತು ಸತೋಶಿಗೆ ಒಂದು ಅವಳ ಚೀಲಕ್ಕೆ ಬರುತ್ತಿತ್ತು. ಅವರ ಪಾಲಿನಿಂದ ಕಿತ್ತದ್ದಲ್ಲ, ಸೈಟಿನವರು ತಮ್ಮ ಕೈಯಿಂದ ಕೊಡುವುದು. ಆದರೂ ಆ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಮೊದಲ ದಿನ ಹೇಳಲು ಮರೆತಳು. ಆಮೇಲೆ ಹೇಳುವ ದಿನ ಬರಲೇ ಇಲ್ಲ.

ಈ ವರ್ಷ ಜೂನ್ ಮೊದಲ ವಾರ, ಮತ್ತೆ ಬಂದಿ ಶುರುವಾಗಿ ನಾಗ ಮನೆಯಲ್ಲೇ ಬಲೆ ಹೆಣೆಯುತ್ತ ಕೂತಿದ್ದಾಗ, ಕಿರುಚೀಲದ ಪುಟದ ಮೇಲೆ ಕೆಂಪು ಪಟ್ಟಿಯೊಂದು ಕಾಣಿಸಿತು. ವಿನುತಾ ಅದನ್ನು ಫೋನಿನಲ್ಲೇ ಕನ್ನಡಕ್ಕೆ ಮಾಡಿಕೊಂಡು ಓದಿದಳು. ಮೂವತ್ತನೇ ತಾರೀಕಿಗೆ ಸೇವೆ ನಿಲ್ಲುತ್ತದೆ. ಅಷ್ಟರೊಳಗೆ ತೆಗೆದುಕೊಳ್ಳಿ. ಹತ್ತು ಸಾವಿರಕ್ಕಿಂತ ಕಡಿಮೆ ಇರುವುದನ್ನು ತೆಗೆಯಲಾಗುವುದಿಲ್ಲ.

ಅವಳದು ಹನ್ನೊಂದು ಸಾವಿರದ ನಾನೂರು ಇತ್ತು. ಉಳಿದ ಆರು ಮಂದಿಯದು ಯಾರದೂ ನಾಲ್ಕು ಸಾವಿರ ದಾಟಿರಲಿಲ್ಲ.

ಸೂರಜ್‌ಗೆ ಫೋನು ಮಾಡಿದಳು. ಅವನು ಅಂಗಡಿ ಮುಚ್ಚಿ ಗೋವೆಯ ಮಾಪುಸಾಕ್ಕೆ ಹೋಗಿಯಾಗಿತ್ತು. "ನನ್ ಅಕೌಂಟ್ ಬ್ಯಾಂಕಿನವ್ರು ಫ್ರೀಜ್ ಮಾಡೀರು ಅಕ್ಕಾ, ನಂಗೇನೂ ಆಗೂದಿಲ್ಲ. ನೀನೇ ಒಂದು ಖಾತೆ ತೆಗ್ದು ನಿಂದು ತಕ್ಕೊ."

"ಉಳ್ದವ್ರದ್ದು?"

"ಅವ್ರದ್ದು ಹೋಯ್ತು ಅಂದ್ಕೊ. ಎಂತಾ ಮಾ ದುಡ್ಡು ಅದು, ತಲಿಗೆ ಇನ್ನೂರು ರೂಪಾಯಿ."

ತಲೆಗೆ ಇನ್ನೂರು ರೂಪಾಯಿ. ಬೀರಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ನಿದ್ದೆಗಣ್ಣಿನಲ್ಲಿ ಸೈಕಲ್ಲು ಹುಡುಕಿ ಒತ್ತುತ್ತಿದ್ದದ್ದು ವಿನುತಾಳ ಕಣ್ಣಿಗೆ ಕಟ್ಟಿತು. ಎರಡು ದಿನ ಆ ಪುಟವನ್ನು ಮೇಲೆ ಕೆಳಗೆ ಜಗ್ಗುತ್ತ ಕೂತಳು. ಮೂರನೇ ದಿನ ಒಂದು ಮೂಲೆಯಲ್ಲಿ ದಾರಿ ಸಿಕ್ಕಿತು: ಒಬ್ಬರ ಕಿರುಚೀಲದಿಂದ ಇನ್ನೊಬ್ಬರ ಕಿರುಚೀಲಕ್ಕೆ ಎಷ್ಟು ಕಡಿಮೆ ಇದ್ದರೂ ಕಳಿಸಬಹುದು. ಎಲ್ಲರೂ ತನ್ನದಕ್ಕೆ ಕಳಿಸಿದರೆ, ಒಟ್ಟಿಗೆ ತೆಗೆದು ಹಂಚಬಹುದು.

"ಸುಮ್ನೆ ಇರೂಕೆ ಆಗೂದಿಲ್ವ ನಿಂಗೆ?" ಎಂದ ನಾಗ, ಬಲೆಯಿಂದ ತಲೆ ಎತ್ತದೆ. "ಇನ್ನೊಬ್ರ ದುಡ್ಡು ಕೈಯಾಗೆ ಹಿಡ್ದ್ರೆ ಹೇಲು ಹಿಡ್ದ ಹಾಂಗೆ."

ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಅವಳು ಹೊರಟಳು. ಕೇರಿ ದೊಡ್ಡದಲ್ಲ, ಆದರೆ ಮನೆ ಮನೆಯಲ್ಲೂ ಕುಕ್ಕರುಗಾಲಲ್ಲಿ ಕೂತು ಎದ್ದು ಮಾಡುವಷ್ಟರಲ್ಲಿ ಸೊಂಟದಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ಬೀರಿಗೆ ಪಾಸ್‌ವರ್ಡ್ ನೆನಪಿರಲಿಲ್ಲ. ಗ್ಯಾಸಿನ ಪುಸ್ತಕದ ಹಿಂದೆ ಬರೆದಿಟ್ಟಿದ್ದಳು, ಗ್ಯಾಸಿನ ಪುಸ್ತಕ ತವರಿನಲ್ಲಿತ್ತು. ಅದು ಬರಲು ನಾಲ್ಕು ದಿನ. ರೂಪಾಳ ಫೋನು ಗಂಡ ಒಯ್ದಿದ್ದ. ಒಬ್ಬಳು, "ಯಾರಿಗೆ ಬೇಕೆ ಆ ಪೀಡೆ, ಮುಳುಗ್ಲಿ" ಎಂದು ಬಾಗಿಲಲ್ಲೇ ನಿಂತಳು, ಅರ್ಧ ಗಂಟೆ ಗೋಗರೆದ ಮೇಲೆ ಫೋನು ಕೊಟ್ಟಳು. ಹತ್ತು ದಿನದಲ್ಲಿ ಐದು ಜನರದ್ದು ಬಂದು ಸೇರಿತು. ಉಳಿದದ್ದು ಕಾಶಿ.

ಕಾಶಿ ಐವತ್ತರ ಹೆಂಗಸು. ಮಾರ್ಕೆಟ್ಟಿನಲ್ಲಿ ಇಪ್ಪತ್ತು ವರ್ಷ ವಿನುತಾಳ ಪಕ್ಕದಲ್ಲೇ ಕೂತು ಮೀನು ಮಾರಿದವಳು. ಚಹಾ ಕೊಟ್ಟಳು, ಮಾತೆಲ್ಲ ಕೇಳಿದಳು, ಆಮೇಲೆ ನೇರವಾಗಿ ಕೇಳಿದಳು. "ಇದ್ರಾಗೆ ನಿಂಗೆ ಎಂತಾ ಸಿಗ್ತದೆ?"

"ಎಂತದೂ ಇಲ್ಲ."

"ಎಂತದೂ ಇಲ್ದೆ ಸೊಂಟ ಮುರ್ಕಂಡು ಮನಿ ಮನಿ ತಿರುಗ್ತೆ?"

"ನಾನೇ ಸೇರ್ಸಿದ್ದಲ್ದಾ ಕಾಶಕ್ಕಾ."

ಕಾಶಿ ಅವಳ ಮುಖ ನೋಡಿ, "ನಂದು ಅಲ್ಲೇ ಇರ್ಲಿ. ಆಮೇಲೆ ನೋಡ್ವ" ಎಂದಳು. ವಿನುತಾ ಲೋಟ ಕೆಳಗಿಟ್ಟು ಎದ್ದು ಬಂದಳು. ಎಂತದೂ ಇಲ್ಲ ಎಂದ ಮಾತು ಮನೆಯವರೆಗೂ ಬಾಯಲ್ಲಿ ಕಹಿಯಾಗಿ ಉಳಿದಿತ್ತು.

ಅದಾದ ಮೇಲೆ ಎಕ್ಸ್‌ಚೇಂಜಿನ ಖಾತೆಯ ಗೋಳು. ಆಧಾರಿನಲ್ಲಿ ಅವಳ ಹೆಸರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಹೆಚ್ಚಿತ್ತು, ಪ್ಯಾನಿನಲ್ಲಿ ಇರಲಿಲ್ಲ. ಖಾತೆ ತಿರಸ್ಕೃತವಾಯಿತು. ತಿದ್ದಿಸಲು ಅಂಕೋಲೆಯ ಸೆಂಟರಿಗೆ ಹೋದರೆ ಯಂತ್ರ ಕೆಟ್ಟಿತ್ತು. ಕಾರವಾರಕ್ಕೆ ಹೋಗು ಎಂದರು. ಮಳೆಯಲ್ಲಿ ಅಂಕೋಲೆಯಿಂದ ಒಂದು ಗಂಟೆ ಬಸ್ಸು. ಕೂತರೆ ನೋಯುತ್ತದೆಂದು ಅವರ್ಸಾ ದಾಟಿದ ಮೇಲೆ ಕಂಬಿ ಹಿಡಿದು ನಿಂತೇ ಹೋದಳು. ಕಾರವಾರದಲ್ಲಿ ಟೋಕನ್ ಮುಗಿದಿತ್ತು. ಮರುದಿನ ಮತ್ತೆ ಹೋದಳು. ಟೋಕನ್ ಸಿಕ್ಕಿತು, ಬೆರಳಚ್ಚು ಕೊಟ್ಟಳು, ತಿದ್ದುಪಡಿ ಬರಲು ಮೂವತ್ತು ದಿನ ಎಂದರು. ಅವತ್ತು ತಾರೀಕು ಇಪ್ಪತ್ತಾರು.

ಬಸ್‌ಸ್ಟ್ಯಾಂಡಿನ ಸಿಮೆಂಟು ಕಟ್ಟೆಯ ಮೇಲೆ ಒರಗಿ ನಿಂತು ಅವಳು ಬಹಳ ಹೊತ್ತು ಯೋಚಿಸಿದಳು. ಅವಳಿಗೆ ಗೊತ್ತಿದ್ದವರಲ್ಲಿ ಅಂಥ ಖಾತೆ ಇದ್ದದ್ದು ಒಬ್ಬಳಿಗೇ. ಕಾಶಿಯ ಮಗಳು ಪ್ರೀತಿ ಇದೇ ಕಾರವಾರದ ಸೊಸೈಟಿಯೊಂದರಲ್ಲಿ ಗುಮಾಸ್ತೆ, ಕೋಡಿಬಾಗದಲ್ಲಿ ರೂಮು ಮಾಡಿಕೊಂಡಿದ್ದಳು. ಯಾವತ್ತೋ ತಾನೂ ಸ್ವಲ್ಪ ಕಾಯಿನ್ ಕೊಂಡಿದ್ದೇನೆ ಎಂದು ನಕ್ಕಿದ್ದಳು. ತನ್ನ ಕೈಗೆ ಕೊಡಲು ಒಪ್ಪದ ಮನೆಗೇ ಈಗ ಎಲ್ಲರದ್ದನ್ನೂ ಕೊಡಬೇಕು. ಬೇರೆ ದಾರಿ ಇರಲಿಲ್ಲ. ಅವಳು ಕಾಶಿಗೆ ಫೋನು ಮಾಡಿದಳು.

ನಡೆದದ್ದೆಲ್ಲ ಹೇಳಿ ಮುಗಿಸಿದಳು. ಆಮೇಲೆ ಕಾಶಿ, "ಅಂದ್ರೆ ನಿಂದೂ ಸೇರ್ಸಿ ನಮ್ ಪ್ರೀತಿಗೆ ಕೊಡ್ತೆ?" ಎಂದಳು.

"ಹೌದು."

"ಅಲ್ಲೇ ಇರು. ನಾ ಪ್ರೀತಿಗೆ ಹೇಳ್ತೆ."

ಪ್ರೀತಿ ಊಟದ ಬಿಡುವಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಂದಳು. ಇಬ್ಬರೂ ಹತ್ತಿರದ ಖಾನಾವಳಿಯಲ್ಲಿ ಕೂತರು. ಪ್ರೀತಿ ವಿನುತಾಳ ಫೋನನ್ನು ತೆಗೆದುಕೊಂಡು, ಮೊದಲು ತಾಯಿಗೆ ಫೋನು ಮಾಡಿ ಪಾಸ್‌ವರ್ಡ್ ಕೇಳಿಕೊಂಡು ಅವಳ ಪಾಲನ್ನು ವಿನುತಾಳ ಚೀಲಕ್ಕೆ ತರಿಸಿದಳು. ಆಮೇಲೆ ಯಾರದೆಷ್ಟು ಎಂದು ಬರೆದುಕೊಳ್ಳಲು ಪಟ್ಟಿ ತೆರೆದಳು. ಬೆರಳಿನಿಂದ ಮೇಲೆ ಸರಿಸುತ್ತ ಹೋದವಳು ಒಂದು ಕಡೆ ನಿಲ್ಲಿಸಿದಳು.

"ಅತ್ತೆ, ಇದೆಂತದು ರೆಫರಲ್ ಅಂತ? ದಿನಾ ಬಂದದಲ್ಲ."

ವಿನುತಾಳ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯಿತು. "ಅವ್ರು ಮಾಡ್ದಾಗೆಲ್ಲ ನಂಗೆ ಹತ್ರಾಗೆ ಒಂದು ಬರ್ತದೆ."

"ಆಯಿಗೆ ಗೊತ್ತದೆಯಾ?"

"ಇಲ್ಲ. ಕಾಶಕ್ಕ ಕೇಳ್ದಾಗ ಎಂತದೂ ಇಲ್ಲ ಅಂದಿದ್ದೆ."

ಪ್ರೀತಿ ಕೂಡಿಸಿ ನೋಡಿದಳು. ಸಾವಿರದ ನಾನೂರು ಸತೋಶಿ. ಈಗಿನ ದರದಲ್ಲಿ ನೂರಿಪ್ಪತ್ತು ರೂಪಾಯಿ ಆಚೀಚೆ. "ಇದೇನ್ ತಪ್ಪಲ್ಲ ಅತ್ತೆ. ಕಂಪನಿಯವ್ರು ಕೊಡೂದು. ನಾ ಆಯಿಗೆ ಹೇಳೂಕೆ ಹೋಗೂದಿಲ್ಲ."

ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಅಂದಳು. ಆದರೆ ಆ ಮಾತಿನಿಂದ ವಿನುತಾಳಿಗೆ ಹಗುರವಾಗುವ ಬದಲು, ಇನ್ನೊಬ್ಬರ ಕೈಯಲ್ಲೂ ತನ್ನ ಸುಳ್ಳನ್ನು ಹಿಡಿಸಿದಂತಾಯಿತು. "ನಾನೇ ಹೇಳ್ತೆ" ಎಂದಳು.

ಒಟ್ಟು ಇಪ್ಪತ್ತೈದು ಸಾವಿರದ ಆರುನೂರು ಸತೋಶಿ ಹೊರಟಿತು. ಕಿರುಚೀಲದವರು ಕೊನೆಯ ಸಲವೂ ತಮ್ಮ ಶುಲ್ಕ ಬಿಡಲಿಲ್ಲ. ಎರಡು ದಿನ ಅದು ಎಲ್ಲಿತ್ತೋ ಯಾರಿಗೂ ಗೊತ್ತಿಲ್ಲ. 'ಬಾಕಿ ಇದೆ' ಎಂದಷ್ಟೇ ತೋರಿಸುತ್ತಿತ್ತು. ಇಪ್ಪತ್ತೆಂಟಕ್ಕೆ ಪ್ರೀತಿಯ ಖಾತೆಗೆ ಬಿತ್ತು. ಅವಳು ಮಾರಿದಳು, ನೂರಕ್ಕೆ ಒಂದು ಸರಕಾರಕ್ಕೆ ಹೋಯಿತು, ಉಳಿದದ್ದು ಎರಡು ಸಾವಿರದ ನಲವತ್ತು ರೂಪಾಯಿ. ಭಾನುವಾರ ಮಧ್ಯಾಹ್ನ ಅವಳು ಅದನ್ನು ಚಿಲ್ಲರೆ ಮಾಡಿಸಿ, ಲಕೋಟೆಯಲ್ಲಿ ಹಾಕಿಕೊಂಡು ಊರಿಗೆ ಬಂದಳು.

ಕಾಶಿಯ ಜಗಲಿಯಲ್ಲಿ ಆರು ಹೆಂಗಸರೂ ಸೇರಿದರು. ಹೊರಗೆ ಮಳೆ ಹಿಡಿದಿತ್ತು. ಗಂಗಾವಳಿಯ ನೀರು ಕೆಂಪಾಗಿ, ಸಮುದ್ರದ ಕಡೆಗೆ ಹೊರಳುತ್ತಿತ್ತು. ಪ್ರೀತಿ ಹೆಸರು ಕರೆದು ಕೊಟ್ಟಳು. ಬೀರಿಗೆ ಇನ್ನೂರ ತೊಂಬತ್ತು ಬಂತು. ಅವಳು ಅದನ್ನು ಎರಡು ಸಲ ಎಣಿಸಿ ರವಿಕೆಯೊಳಗೆ ಇಟ್ಟಳು. ವಿನುತಾ ಗೋಡೆಗೆ ಒರಗಿ ನಿಂತೇ ಇದ್ದಳು. ತನ್ನ ಪಾಲು ಬಂದಾಗ ಅದರಿಂದ ನೂರಿಪ್ಪತ್ತು ಬೇರೆ ತೆಗೆದು ನೆಲದ ಮೇಲೆ ಇಟ್ಟಳು.

"ಇದು ನಂದಲ್ಲ. ನೀವು ಒತ್ತಿದ್ದಕ್ಕೆ ನಂಗೆ ಬರ್ತಿತ್ತು. ಹತ್ರಾಗೆ ಒಂದು. ನಾ ಹೇಳ್ಲಿಲ್ಲ."

ರೂಪಾ ಪ್ರೀತಿಯ ಮುಖ ನೋಡಿದಳು. ಬೀರಿ, "ನಮ್ದ್ರಾಗೆ ಕಡಿಮಿ ಆಗ್ಲಿಲ್ಲ ಅಲ್ದಾ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ, ನಿಮ್ದು ಕಡಿಮಿ ಆಗ್ಲಿಲ್ಲ" ಎಂದಳು ಪ್ರೀತಿ.

ಕಾಶಿ ಮಾತ್ರ ನೆಲದ ಮೇಲಿನ ನೋಟನ್ನೇ ನೋಡುತ್ತಿದ್ದಳು. "ನಾ ಕೇಳ್ದಾಗ ಹೇಳ್ಬೇಕಿತ್ತು ನೀನು" ಎಂದಳು ಕೊನೆಗೆ. "ಇಪ್ಪತ್ತು ವರ್ಷ ಒಂದೇ ಮಣೆ ಮೇಲೆ ಕೂತವ್ರು ನಾವು. ನೂರಿಪ್ಪತ್ತು ರೂಪಾಯಿಗೆ ಸುಳ್ಳು ಹೇಳೂದಾ? ಸಾವ್ರ ಇದ್ರಾದ್ರೂ ಬೇರೆ ಮಾತು."

"ಕಡಿಮಿ ಇತ್ತಂತಲೇ ಹೇಳೂಕೆ ನಾಚ್ಕಿ ಆಯ್ತು ಕಾಶಕ್ಕಾ."

ಕಾಶಿ ಬಗ್ಗಿ ಆ ನೋಟುಗಳನ್ನು ಎತ್ತಿಕೊಂಡಳು. ವಾಪಸು ಕೊಡುತ್ತಾಳೆಂದು ಎಲ್ಲರೂ ಅಂದುಕೊಂಡರು. ಅವಳು ಕೊಡಲಿಲ್ಲ. ಆರು ಪಾಲು ಮಾಡಿ, ಒಬ್ಬೊಬ್ಬರಿಗೆ ಇಪ್ಪತ್ತು ಹಂಚಿ, ತನ್ನದನ್ನು ಸೆರಗಿಗೆ ಕಟ್ಟಿದಳು. "ಈಗ ಕೂಕೊ. ನಿಂತು ನಿಂತು ಸೊಂಟ ಹೋಗ್ತದೆ" ಎಂದು ಒಂದು ಕುರ್ಚಿ ಎಳೆದಳು.

ವಿನುತಾ ಕೂತಳು. ಹಗುರವಾಯಿತೆಂದು ಹೇಳುವಂತಿರಲಿಲ್ಲ, ದಣಿವು ಮಾತ್ರ ಪಾದದಿಂದ ಮೇಲಕ್ಕೆ ಏರಿ ಬಂತು. ಬಸ್ಸಿಗೆ, ಟೋಕನ್ನಿಗೆ, ಖಾನಾವಳಿಗೆ ಖರ್ಚಾದದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಅದು ಸುಳ್ಳಲ್ಲ, ಯಾರೂ ಕೇಳಲಿಲ್ಲ.

ಜುಲೈ ನಡುವಿನಲ್ಲಿ ಒಂದು ಸಂಜೆ ಬೀರಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಬೇರೊಂದು ಕಿರುಚೀಲ ಶುರುವಾಗಿದೆಯಂತೆ, ರೂಪಾಳ ಗಂಡ ಹೇಳಿದ. ಬೋಟು ಇಳಿಯಲು ಇನ್ನೂ ಹದಿನೈದು ದಿನ.

"ನಂಗೆ ಸಾಕಾಗಿದೆ ಬೀರಿ."

"ನಂಗೆ ಮಾತ್ರ ಸಾಕಾಗ್ಲಿಲ್ವಾ? ಕೂತ್ಕಂಡ್ರೆ ಎಂತಾ ಬರ್ತದೆ ಹೇಳು."

ವಿನುತಾ ಅವಳ ಫೋನು ತೆಗೆದುಕೊಂಡಳು. ಸೈಟು ತೆರೆಯಿತು. ಹೆಸರು ಹಾಕುವ ಮೊದಲು ಬೆರಳು ತಡೆದಳು. "ಸರೀ ಕೇಳ್ಕೊ. ನನ್ ಲಿಂಕ್ ಹಾಕಿದ್ರೆ ನೀ ಮಾಡಿದ್ದಕ್ಕೆ ನಂಗೆ ಹತ್ರಾಗೆ ಒಂದು ಬರ್ತದೆ. ಬೇಡ ಅಂದ್ರೆ ಲಿಂಕ್ ಇಲ್ದೇನೂ ಸೇರ್ಬಹುದು."

ಬೀರಿ ಮಗುವನ್ನು ಇನ್ನೊಂದು ಬದಿಗೆ ಬದಲಿಸಿಕೊಂಡಳು. "ಹಾಕೆ, ಮಾರಾಯ್ತಿ. ನಂಗೆ ಕಡಿಮಿ ಆಗೂದಿಲ್ವಲ್ಲ."

ವಿನುತಾ ಹಾಕಿದಳು. ಒಂಬತ್ತು ಚೌಕ ತೆರೆದವು, ಸೇತುವೆ ಇರುವುದನ್ನು ಒತ್ತು ಎಂದಿತು. ಇಬ್ಬರೂ ತಲೆ ಬಗ್ಗಿಸಿ ಸೇತುವೆ ಹುಡುಕತೊಡಗಿದರು.